ಎಲ್ಲಿಂದ ಬಂತು ಎಂದು ಕೇಳುತ್ತಿದ್ದ ಕಾಕಾ

ಕಾಕಾರ ಅಂಗೈ ಎಮ್ಮೆಯ ಕೊಂಬಿನಷ್ಟು ಗಟ್ಟಿ. ಗಾಲಿಕುರ್ಚಿಯ ಚಕ್ರ ತಿರುಗಿಸಿ ತಿರುಗಿಸಿ ಜಡ್ಡುಗಟ್ಟಿದ ಆ ಕೈಗೆ ಯಾವಾಗಲೂ ಒಣದ್ರಾಕ್ಷಿಯ ವಾಸನೆ. ನಾನು ವ್ಯಾಯಾಮ ಮಾಡಿಸಲು ಹೋದೊಡನೆ ಒಂದು ಹಿಡಿ ದ್ರಾಕ್ಷಿ ಕೊಟ್ಟು, ತಿಂದ ಮೇಲೆಯೇ ಕಾಲು ಮುಟ್ಟಲು ಬಿಡುತ್ತಿದ್ದರು.

ನಾನು ಫಿಜಿಯೋಥೆರಪಿಸ್ಟ್. ಓದು ಮುಗಿಸಿ ಉಗಾರಕ್ಕೆ ಮರಳಿದಾಗ ಸಿಕ್ಕ ಮೊದಲ ರೋಗಿ ಅವರೇ. ಕಾಗವಾಡದಲ್ಲಿ ಅವರದು ಬೇದಾಣಿ, ಅಂದರೆ ಒಣದ್ರಾಕ್ಷಿಯ ವ್ಯಾಪಾರ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೇಲಿನ ಅಂತಸ್ತಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಬಾಯಿಗೆ ಮಾತ್ರ ಯಾವ ಪೆಟ್ಟೂ ಆಗಿರಲಿಲ್ಲ.

ಜೈನರ ಮನೆ. ನೀರು ಸೋಸದೆ ಕುಡಿಯರು, ಹೊತ್ತು ಮುಳುಗಿದ ಮೇಲೆ ಉಣ್ಣರು. ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ. ಸೋಪಾಗಲಿ, ಮಾತ್ರೆಯಾಗಲಿ, ಎಲ್ಲಿಂದ ಬಂತು ಎಂದು ಕೇಳದೆ ಒಳಗೆ ಬಿಡುತ್ತಿರಲಿಲ್ಲ. ನನ್ನನ್ನೂ ಕೇಳಿದ್ದರು, ತೆಲಸಂಗದ ನನ್ನ ಮುತ್ತಜ್ಜನವರೆಗೆ ಹೋಗಿ ಮುಟ್ಟಿದ ಮೇಲೆಯೇ ಅವರಿಗೆ ಸಮಾಧಾನ. ಸೊಸೆ ಹುಡುಕಲು ಹೊರಟಾಗ ಅವರ ಹೆಂಡತಿ, ನಮ್ಮ ಕಾಕು, ಇವರನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರಂತೆ.

ಕಾಕಾರಿಗೆ ಇದ್ದದ್ದು ಒಂದೇ ಆಸೆ. ಬಸದಿಯಲ್ಲಿ ತಮ್ಮ ಮನೆತನದ ಸರದಿ ಬಂದಾಗ ನಿಂತು ಅಭಿಷೇಕ ಮಾಡಬೇಕು. ಕುಳಿತೇ ಮಾಡಿದರೂ ನಡೆಯುತ್ತದೆ ಎಂದು ಎಲ್ಲರೂ ಹೇಳಿದ್ದರು. ಅವರು ಒಪ್ಪಲಿಲ್ಲ. ಬಿದ್ದ ವರ್ಷದಿಂದ ಕಳಶ ಮುಟ್ಟಿರಲಿಲ್ಲ.

ಹಾಗಿರುವಾಗ ಅವರ ಮಗ ಫೋನಿನಲ್ಲಿ ಒಂದು ಕ್ಲಿನಿಕ್ಕಿನ ವಿಡಿಯೋ ತೋರಿಸಿದ. ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು ಬೆನ್ನಿಗೆ ಚುಚ್ಚಿದರೆ ಕಡಿದ ಹುರಿ ಕೂಡಿಕೊಳ್ಳುತ್ತದೆ ಎಂದಿತ್ತು. ಎಲ್ಲರೂ ಆ ಕ್ಲಿನಿಕ್ಕಿಗೆ ಹೋದೆವು. ಮುಂದಿನ ಸರದಿಗೆ ನೀವು ನಡೆದೇ ಹೋಗುತ್ತೀರಿ ಎಂದು ಅಲ್ಲಿಯವರು ನಗುನಗುತ್ತ ಹೇಳಿದರು. ಕಾಕಾರ ಕಣ್ಣು ತುಂಬಿದವು. ಆದರೂ ಹಳೆಯ ಚಾಳಿ ಬಿಡಲಿಲ್ಲ.

“ಈ ಸೆಲ್ ಎಲ್ಲಿಂದ ಬಂದಾವ್ರಿ?”

ಹೆರಿಗೆಯಾದ ಮೇಲಿನ ಹೊಕ್ಕುಳಬಳ್ಳಿಯಿಂದ ಎಂದರು. ಆ ತಾಯಿಯನ್ನು ಕೇಳಿ ತೆಗೆದುಕೊಂಡರೇ, ಯಾರು ತಯಾರಿಸಿದರು, ಯಾರು ಪರೀಕ್ಷೆ ಮಾಡಿದರು ಎಂದು ಕಾಕಾ ಒಂದೊಂದೇ ಕೇಳಿದರು. ಅಲ್ಲಿಯವರ ನಗು ಸಣ್ಣದಾಗುತ್ತ ಬಂತು. ಕೊನೆಗೆ, ಅದನ್ನೆಲ್ಲ ತಿಳಿದು ನಿಮಗೇನಾಗಬೇಕು ಎಂದುಬಿಟ್ಟರು.

“ನಡೀರಿ ಮನಿಗೆ,” ಎಂದರು ಕಾಕಾ. “ಯಾವ ತ್ವಾಟದ್ದು ಅಂತ ಹೇಳಲಾರದಂವನ ಕಡೆ ನಾ ಬೇದಾಣಿನೂ ತಗೊಳ್ಳೂದಿಲ್ಲ.”

ಬರುವಾಗ ಮಿರಜಿನಲ್ಲಿ ಅವರ ಹಳೆಯ ಡಾಕ್ಟರನ್ನು ಕಂಡೆವು. ಈ ವಿದ್ಯೆ ಸುಳ್ಳಲ್ಲ, ಪ್ರಯೋಗಗಳು ನಡೆದಿವೆ, ಆದರೆ ಇನ್ನೂ ಔಷಧವಾಗಿಲ್ಲ ಎಂದರು ಅವರು. ಇಷ್ಟು ಹಳೆಯ ಪೆಟ್ಟಿನವರನ್ನು ಕಳಿಸಬಹುದಾದ ಪ್ರಯೋಗ ಸದ್ಯಕ್ಕೆ ತಮಗೆ ಗೊತ್ತಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಆಮೇಲೆ ಕೆಲವು ದಿನ ಕಾಕಾರಿಂದ ನನಗೆ ದ್ರಾಕ್ಷಿಯೂ ಇಲ್ಲ, ಮಾತೂ ಇಲ್ಲ. ನನಗೆ ನಿಜಕ್ಕೂ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ತಾವೇ ಕೇಳಿದರು. “ನಡಿಯೂದ ಬ್ಯಾಡ. ನಿಲ್ಲಾಕರ ಬರತೈತೇನ?”

ಮಂಡಿ, ಸೊಂಟ, ಎದೆಗೆ ಬೆಲ್ಟ್ ಬಿಗಿದು ನಿಲ್ಲಿಸುವ ಕಟ್ಟಿಗೆಯ ಚೌಕಟ್ಟೊಂದನ್ನು ತರಿಸಿದೆ. ನೋಡಿದೊಡನೆ, ಬೆಲ್ಟ್ ಎಲ್ಲಿಂದ ಬಂತು ಎಂದರು. ತೊಗಲಿನದು! ಬಸದಿಯೊಳಗೆ ತೊಗಲು ಒಯ್ಯುವಂತಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕಾಕು ತಮ್ಮ ಹಳೆಯ ನೂಲಿನ ಸೀರೆಯನ್ನು ಪದರು ಪದರಾಗಿ ಮಡಚಿ ಪಟ್ಟಿ ಹೊಲಿದರು. ಅಂಚಿನಲ್ಲಿ ಹುಳು ಕೊಂದು ತೆಗೆದ ರೇಷ್ಮೆ ಇದೆಯೇ ಎಂದು ಕಾಕಾ ಅದನ್ನೂ ತಿರುವಿ ನೋಡಿದರು.

ಮೊದಮೊದಲು ತಲೆ ತಿರುಗುತ್ತಿತ್ತು. ಸ್ವಲ್ಪ ಸ್ವಲ್ಪವೇ ರೂಢಿಯಾಯಿತು. ಸರದಿಯ ದಿನ ಮಗ ಚೌಕಟ್ಟನ್ನು ಬಸದಿಯ ಮಂಟಪಕ್ಕೆ ಹೊತ್ತೊಯ್ದ. ಕಾಕಾ ಮಡಿಯುಟ್ಟು, ಹೆಂಡತಿಯ ಸೀರೆಯ ಪಟ್ಟಿಗಳಲ್ಲಿ ನಿಂತು, ಪೀಠದ ಮೇಲಿನ ಮೂರ್ತಿಗೆ ಹಾಲು ಎರೆದರು. ಆ ಸರದಿ ಮತ್ತೆ ಮತ್ತೆ ಬಂತು, ಅವರು ಒಮ್ಮೆಯೂ ತಪ್ಪಿಸಲಿಲ್ಲ. ಹೋದ ಚಳಿಗಾಲದಲ್ಲಿ ಮನೆಯವರೆಲ್ಲ ಸುತ್ತ ಇರುವಾಗ ತೀರಿಕೊಂಡರು.

ಅವರು ನೆನಪಾದಾಗ ನನ್ನ ಕಣ್ಣಿಗೆ ಬಸದಿಗಿಂತ ಮೊದಲು ಬರುವುದು, ಮನೆಯ ಪಡಸಾಲೆಯಲ್ಲಿ ಅವರು ಮೊದಲ ಸಲ ನಿಂತ ಗಳಿಗೆ. ಕೊನೆಯ ಪಟ್ಟಿ ಕಟ್ಟಿ ನಾನು ಪಕ್ಕಕ್ಕೆ ಸರಿದೆ. ಅವರು ಸುತ್ತ ನೋಡಿ, ಆಮೇಲೆ ಕತ್ತು ಬಗ್ಗಿಸಿ ನನ್ನನ್ನೇ ನೋಡಿದರು.

“ಯವ್ವಾ, ನೀ ಇಷ್ಟ ಗಿಡ್ಡ ಅದಿ? ಇಷ್ಟ ವರ್ಷ ಸುಮ್ಮನ ತಲಿ ಎತ್ತಿ ನೋಡಾಕತ್ತಿದ್ದೆ ನೋಡು.”

ಈಗಲೂ ಯಾರನ್ನಾದರೂ ಮೊದಲ ಸಲ ನಿಲ್ಲಿಸುವಾಗ ನಾನು ತೀರ ಹತ್ತಿರ ನಿಲ್ಲುತ್ತೇನೆ, ಅವರೂ ಕತ್ತು ಬಗ್ಗಿಸಿ ನನ್ನನ್ನು ನೋಡಲಿ ಎಂದು.