ಎಣ್ಣೆ ಮುಟ್ಟದ ಕೂದಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರ ತಲೆಗೂ ಎಣ್ಣೆ ಹಚ್ಚುತ್ತಿದ್ದವಳು ಅವ್ವ. ಅವ್ವ ಅಂದರೆ ನನ್ನ ತಾಯಿ, ನನ್ನ ಮೊಮ್ಮಕ್ಕಳಾದ ನಿಮಗೆ ಮುತ್ತಜ್ಜಿ. ಆತಗೂರಿನ ಹತ್ತಿರದ ನಮ್ಮ ಊರಿನಲ್ಲಿ ಆಗ ತಲೆಗೆ ಹರಳೆಣ್ಣೆಯೇ. ಮಂದವಾಗಿ, ಅಂಟಂಟಾಗಿ, ಮೂಗಿಗೆ ಅಡರುವ ವಾಸನೆಯ ಎಣ್ಣೆ. ಅವ್ವ ಅದನ್ನು ಅಂಗೈ ತುಂಬ ಸುರಿದುಕೊಂಡು ಪಟಪಟ ಎಂದು ನೆತ್ತಿಗೆ ತಟ್ಟುತ್ತಿದ್ದಳು. ಅದು ಹಣೆಗಿಳಿದು, ಕಿವಿಯ ಹಿಂದೆ ಹರಿದು, ಅಂಗಿಯ ಕಾಲರಿಗೆ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಅಕ್ಕನನ್ನು ಮುಂದೆ ಕೂರಿಸಿಕೊಂಡು ಮರದ ಹಣಿಗೆಯಲ್ಲಿ ಬಾಚಿ ಜಡೆ ಹಾಕುತ್ತಿದ್ದಳು. ಮಿರಮಿರ ಮಿಂಚುವ ಆ ಜಡೆ ಅಕ್ಕನ ಬೆನ್ನಿಗೆ ಅಂಟಿಕೊಂಡು ಬಿದ್ದಿರುತ್ತಿತ್ತು. ಒಂದು ಎಳೆಯೂ ಆಚೀಚೆ ಅಲ್ಲಾಡುತ್ತಿರಲಿಲ್ಲ.

ಒಂದು ಮಾಗಿಯಲ್ಲಿ ಅವ್ವನಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಅವ್ವ ತೀರಿಕೊಂಡಳು. ಆ ವಿಷಯ ಇನ್ನು ಹೆಚ್ಚು ಹೇಳಲು ನನ್ನಿಂದ ಈಗಲೂ ಆಗುವುದಿಲ್ಲ. ಅವಳ ತಿಥಿಯ ದಿನ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ, ಕಂಡಷ್ಟನ್ನೇ.

ಮನೆಯಲ್ಲಿ ಸಾವಾದರೆ ತಿಥಿ ಮುಗಿಯುವ ತನಕ ಮನೆಯವರು ತಲೆಗೆ ಎಣ್ಣೆ ಸೋಕಿಸುವಂತಿರಲಿಲ್ಲ. ತಿಥಿಯ ದಿನ ಎಡೆ ಇಟ್ಟ ಮೇಲೆ, ಸತ್ತವಳ ತವರಿನವರು ಎಣ್ಣೆ ತಂದು ಎಲ್ಲರ ತಲೆಗೂ ಮುಟ್ಟಿಸಬೇಕು. ಅಲ್ಲಿಗೆ ಸೂತಕ ಕಳೆಯಿತು, ಹೋದವರು ಹೋದರು ಎಂದು ಲೆಕ್ಕ. ಅವ್ವನ ಸೀರೆ, ಚಾಪೆ, ಮರದ ಹಣಿಗೆ ಎಲ್ಲವನ್ನೂ ಅವಳ ಜೊತೆಗೇ ಕಳಿಸಿಬಿಟ್ಟಿದ್ದರು. ಬಾಚಿಕೊಳ್ಳಲು ಏನೂ ಇಲ್ಲವೆಂದು ಅಪ್ಪ ಮದ್ದೂರಿನಿಂದ ಕೆಂಪು ಬಣ್ಣದ ಪ್ಲಾಸ್ಟಿಕ್ ಬಾಚಣಿಗೆಯೊಂದನ್ನು ತಂದಿದ್ದ. ಅಂಥದ್ದನ್ನು ನಾವು ಅಲ್ಲಿಯವರೆಗೆ ಅಂಗಡಿಯಲ್ಲಿ ಮಾತ್ರ ನೋಡಿದ್ದೆವು.

ಆ ಬೆಳಿಗ್ಗೆ ಕಾಲುವೆಯ ದಡದಲ್ಲಿ ನನ್ನ ತಲೆ ಬೋಳಿಸಿದರು. ತಾಯಿ ಸತ್ತರೆ ಮಗ ಕೂದಲು ಕೊಡಬೇಕು. ಆಲೆಮನೆಯ ಕಡೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಗಾಳಿ ಒಣಗಿ, ತುಟಿ ಬಿರಿದು, ಕೈಕಾಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ತಲೆ ಬೋಳಿಸುತ್ತಿದ್ದ ಮುದುಕ ನನ್ನನ್ನು ಗದರಿದ: "ಅಲ್ಲಾಡ್‌ಬ್ಯಾಡ ಕಣ್ಲಾ, ಕಿವಿ ಕುಯ್ದೋದ್ರೆ ನಿಮ್ಮವ್ವ ನನ್ನ ಸುಮ್ಕೆ ಬುಟ್ಟಾಳಾ?"

ಹೇಳಿದ ಮೇಲೆ ಅವನಿಗೇ ತಿಳಿಯಿತು. ಕತ್ತಿ ನನ್ನ ಕಿವಿಯ ಮೇಲೆ ನಿಂತುಬಿಟ್ಟಿತು. ಮತ್ತೆ ಎಳೆದಾಗ ಅದು ನೆತ್ತಿಗೆ ಒಂದು ಕಡೆ ತಾಗಿತು. ನನ್ನ ಕೂದಲು ಕಾಲುವೆಯ ನೀರಿನಲ್ಲಿ ತೇಲಿಹೋಯಿತು.

ಮನೆಗೆ ಬಂದಾಗ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಅಕ್ಕನಿಗೆ ಸೀಗೆಪುಡಿ ಹಾಕಿ ತಲೆ ತೊಳೆದಿದ್ದಳು. ಅಂಗಳದ ಬಿಸಿಲಿನಲ್ಲಿ ಒಣಗಿದ ಆ ಕೂದಲನ್ನು ನೋಡಿದರೆ ನಮ್ಮ ಅಕ್ಕನದು ಎನ್ನಿಸಲಿಲ್ಲ. ಅರಳಿದ ಹತ್ತಿಯ ಹಾಗೆ ಹಗುರಾಗಿ ಹರಡಿಕೊಂಡಿತ್ತು. ಬಾಚಿ ಕಟ್ಟೋಣವೆಂದು ಅತ್ತೆ ಅವಳನ್ನು ನಡುಮನೆಗೆ ಕರೆತಂದು ಕಂಬಳಿಯ ಮೇಲೆ ಕೂರಿಸಿದಳು. ನಡುಮನೆಗೆ ಕಿಟಕಿ ಇರಲಿಲ್ಲ. ಹೊರಗೆ ಮಧ್ಯಾಹ್ನವಾದರೂ ಒಳಗೆ ಕತ್ತಲೆಯೇ. ನಾನು ಗೋಡೆಗೆ ಒರಗಿ ಕೂತಿದ್ದೆ.

ಅತ್ತೆ ಕೆಂಪು ಬಾಚಣಿಗೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಳು. ಚಿಟಚಿಟ ಎಂದು ಸದ್ದಾಯಿತು. ಒಣಗಿದ ಕಬ್ಬಿನ ತರಗಿಗೆ ಬೆಂಕಿ ಬಿದ್ದಾಗ ಬರುವ ಸದ್ದು, ಆದರೆ ಬಹಳ ಸಣ್ಣದು. ಅತ್ತೆ ಇನ್ನೊಮ್ಮೆ ಎಳೆದು ಕೈ ಎತ್ತಿದಳು. ಅವಳ ಕೈಯ ಹಿಂದೆಯೇ ಅಕ್ಕನ ಕೂದಲು ಎದ್ದಿತು. ಯಾರೂ ಹಿಡಿದಿರಲಿಲ್ಲ. ಎಳೆ ಎಳೆಯೂ ಬೇರೆ ಬೇರೆಯಾಗಿ ಗಾಳಿಯಲ್ಲಿ ನಿಂತಿತು. ಬಾಚಣಿಗೆಯ ಹಲ್ಲುಗಳ ನಡುವೆ ನೀಲಿ ಚುಕ್ಕೆಗಳು ಹುಟ್ಟಿ ಹುಟ್ಟಿ ಆರಿದವು.

ಅತ್ತೆ ಬಾಚಣಿಗೆ ಬಿಸಾಡಿ ಕಿರುಚಿದಳು. "ಅಯ್ಯಯ್ಯೋ, ಬನ್ರವ್ವಾ! ಇವಳವ್ವ ಬಂದವ್ಳೆ ಕಣ್ರವ್ವಾ! ಮಗಳ ತಲೆ ಇಡ್ಕಂಡು ನಿಂತವ್ಳೆ!"

ಅಡುಗೆಯ ಹೆಂಗಸರು ಓಡಿಬಂದರು. ಪಕ್ಕದ ಮನೆಯ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತಾ, "ಎಣ್ಣೆ ಕಾಣದ ತಲೆ ಕಣಕ್ಕ, ಚಳೀಗೆ ಅಂಗಾಡ್ತದೆ ಬುಡು" ಎಂದಳು.

"ನಿನ್ ತಲೇಲಿ ಯಾವತ್ತಾದ್ರೂ ಬೆಂಕಿ ಕಂಡಿದ್ಯೇನೇ? ದೊಡ್ಡದಾಗಿ ಯೋಳಕ್ಕೆ ಬಂದ್ಬುಟ್ಲು!" ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದಳು. ಆಮೇಲೆ ಅಕ್ಕನ ತಲೆಯ ಮೇಲಿನ ಬರಿಯ ಗಾಳಿಗೆ ಕೈ ಮುಗಿದಳು. "ಓಗವ್ವಾ ತಾಯಿ, ಆಸೆ ಬುಡು. ನಿನ್ ಮಕ್ಳ ನಾವ್ ನೋಡ್ಕತೀವಿ." ಎಣ್ಣೆ ಮುಟ್ಟಿಸಿದರೆ ಎಲ್ಲ ಸರಿಹೋಗುತ್ತದೆ, ತವರಿನವರು ಬಂದರೋ ನೋಡಿ ಎಂದು ಹೆಂಗಸರನ್ನು ಹೊರಗೆ ಅಟ್ಟಿ, ತಾನೂ ಹೋದಳು.

ಅಕ್ಕ ಹೆದರಲಿಲ್ಲ. ಬಿದ್ದಿದ್ದ ಬಾಚಣಿಗೆಯನ್ನು ತಾನೇ ಎತ್ತಿಕೊಂಡು ಮೆಲ್ಲಗೆ ಎಳೆದಳು. ಕೂದಲು ಮತ್ತೆ ಎದ್ದಿತು. ಅಕ್ಕನ ಮುಖದಲ್ಲಿ ನಗು ಬಂತು. ಅವ್ವ ಹೋದ ಮೇಲೆ ನಾನು ಕಂಡ ಮೊದಲ ನಗು ಅದು. "ಅವ್ವಾ" ಎಂದಳು, ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟು ಸಣ್ಣ ದನಿಯಲ್ಲಿ.

ನಾನು ಅವಳ ಕೈಯಿಂದ ಬಾಚಣಿಗೆ ಕಿತ್ತುಕೊಂಡು ನನ್ನ ತಲೆಯ ಮೇಲೆ ಎಳೆದೆ. ಹಲ್ಲು ತರಚಿತು. ಕತ್ತಿ ತಾಗಿದ್ದ ಕಡೆ ಉರಿಯಿತು. ಸದ್ದು ಬರಲಿಲ್ಲ. ಇನ್ನೂ ಒತ್ತಿ ಎಳೆದೆ. ನನ್ನ ತಲೆಯಲ್ಲಿ ಅವ್ವ ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ.

"ಅಕ್ಕಾ, ನನ್ತಾವ್ಕೆ ಯಾಕೆ ಬತ್ತಿಲ್ಲ ಅವ್ವ?"

ಅಕ್ಕ ನನ್ನ ಬೋಳು ತಲೆಯನ್ನೇ ನೋಡಿದಳು. ಬಾಚಣಿಗೆ ತೆಗೆದುಕೊಂಡು ತನ್ನ ಕೂದಲನ್ನು ಬರಬರ ಬಾಚಿದಳು, ಆಮೇಲೆ ನನ್ನ ಕಡೆಗೆ ಬಾಗಿದಳು. ಅವಳ ಕೂದಲು ನಮ್ಮಿಬ್ಬರ ನಡುವಿನ ಜಾಗವನ್ನು ತಾನಾಗಿಯೇ ದಾಟಿ ಬಂತು. ನನ್ನ ಕೆನ್ನೆಗೆ, ಹಣೆಗೆ, ಬೋಳು ನೆತ್ತಿಗೆ ಅಂಟಿಕೊಂಡಿತು. ಜೇಡರ ಬಲೆ ತಾಕಿದ ಹಾಗೆ ಕಚಗುಳಿಯಾಯಿತು.

"ಅಲ್ಲಾಡ್‌ಬ್ಯಾಡ ಸುಮ್ಕಿರ್ಲಾ. ಈಗ ನಿನ್ನೇ ಮುಟ್ತಾವ್ಳೆ" ಎಂದಳು ಅಕ್ಕ.

ನಾನು ಕಣ್ಣು ಮುಚ್ಚಿಕೊಂಡೆ. ಉಸಿರಾಡಿದರೆ ಅವ್ವ ಬಿಟ್ಟುಹೋಗುತ್ತಾಳೇನೋ ಎಂದು ಉಸಿರನ್ನೂ ಬಿಗಿಹಿಡಿದೆ.

ಅಷ್ಟರಲ್ಲಿ ಮಳವಳ್ಳಿ ಕಡೆಯಿಂದ ಮಾವ ಬಂದ. ಅವ್ವನ ತಮ್ಮ ಅವನು. ಕೈಯಲ್ಲಿ ಹಿತ್ತಾಳೆ ತಂಬಿಗೆ, ಅದರ ಬಾಯಿಗೆ ಬಿಗಿದ ಬಟ್ಟೆ. ಎಡೆ ಇಟ್ಟಾಯಿತು. ಮುದ್ದೆ, ಅವರೆಕಾಳು ಸಾರು, ಕಜ್ಜಾಯ, ಎಲೆಅಡಿಕೆ, ಎಲ್ಲ ಅವ್ವನಿಗೆ ಇಷ್ಟವಾದದ್ದು. ಇನ್ನು ಎಣ್ಣೆ ಮುಟ್ಟಿಸದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಮಾವ ತಂಬಿಗೆಯ ಬಟ್ಟೆ ಬಿಚ್ಚಿದ್ದೇ ತಡ ಅಕ್ಕ ಎದ್ದು ಓಡಿದಳು. ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಸೇರಿಕೊಂಡು ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

"ನಂಗೆ ಎಣ್ಣೆ ಬ್ಯಾಡ! ಅಚ್ಚಿದ್ರೆ ಅವ್ವ ಒಂಟೋಯ್ತಾಳೆ!"

ಅತ್ತೆ ಬೈದಳು. ಮಾವ ಎರಡು ಸಲ ಕರೆದು, ತಂಬಿಗೆ ಹಿಡಿದೇ ನೆಲದ ಮೇಲೆ ಕೂತುಬಿಟ್ಟ. ಕೊನೆಗೆ ಅಪ್ಪ ಒಳಗೆ ಬಂದ. ವಾಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಬಾ ಮಗ" ಎಂದ. "ನಂಗೂ ಕಳ್ಸಕ್ಕೆ ಇಷ್ಟ ಇಲ್ಲ ಕಣವ್ವಾ. ಆದ್ರೆ ಅವ್ಳು ಇಂಗೇ ದಾರಿ ಮಧ್ಯದಲ್ಲಿ ನಿಂತ್ಕಂಡ್ರೆ ಅವ್ಳಿಗೆ ಕಾಲು ನೋಯ್ತದಲ್ವಾ?"

ಅಕ್ಕ ಈಚೆಗೆ ಬಂದಳು.

ಮಾವ ಅಂಗೈಗೆ ಎಣ್ಣೆ ಸುರಿದುಕೊಂಡ. ಮನೆಯೆಲ್ಲ ಹರಳೆಣ್ಣೆಯ ವಾಸನೆ ಹರಡಿತು. ಅದು ಅವ್ವನ ವಾಸನೆ. ಅವ್ವ ಪೂರ್ತಿಯಾಗಿಯೇ ಬಂದುಬಿಟ್ಟಳು ಎಂದುಕೊಂಡು ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು. ಇತ್ತ ತಿರುಗುವಷ್ಟರಲ್ಲಿ ಮಾವನ ಕೈ ಅಕ್ಕನ ನೆತ್ತಿಯಿಂದ ಕೆಳಗಿಳಿಯುತ್ತಿತ್ತು. ಕೈ ಹೋದಲ್ಲೆಲ್ಲ ಎದ್ದು ನಿಂತ ಎಳೆಗಳು ಮಲಗಿದವು. ನನ್ನ ತಲೆಗೂ ಹಚ್ಚಿದ, ಗಾಯ ಉರಿಯಿತು.

ಅಕ್ಕ ಬಾಚಣಿಗೆ ತೆಗೆದುಕೊಂಡು ಒಮ್ಮೆ ಬಾಚಿದಳು. ಸದ್ದಿಲ್ಲ. ಮತ್ತೆ ಬಾಚಿದಳು. ಹಲ್ಲುಗಳ ಸಂದಿಯಲ್ಲಿ ಎಣ್ಣೆ ಮೆತ್ತಿಕೊಂಡಿತು, ಅಷ್ಟೇ. ಅದನ್ನು ಗೋಡೆಯ ಗೂಡಿನಲ್ಲಿಟ್ಟು, "ಒಂಟೋದ್ಲು ಕಣ್ಲಾ" ಎಂದಳು. ಹೊರಗೆ ಊಟಕ್ಕೆ ಎಲೆ ಹಾಕುವ ಗಲಾಟೆ ಶುರುವಾಯಿತು.

ಮಕ್ಕಳೇ, ಇದು ಯಾಕೆ ನೆನಪಾಯಿತೆಂದು ಹೇಳುತ್ತೇನೆ. ನಮ್ಮ ಮಂಡ್ಯದ ಮನೆಯಲ್ಲಿ ಹುಟ್ಟುಹಬ್ಬದ ಬೆಲೂನನ್ನು ನೀವು ತಲೆಗೆ ಉಜ್ಜಿ, ಕೂದಲು ನಿಲ್ಲಿಸಿಕೊಂಡು ನಗುತ್ತಿದ್ದಿರಿ. ನಾನು ಎದ್ದು ಒಳಗೆ ಹೋದದ್ದನ್ನು ನೀವು ನೋಡಿದಿರಿ. ಆಮೇಲೆ ನಿಮ್ಮಲ್ಲಿ ದೊಡ್ಡವಳು ಬಂದು, ಇದು ಸ್ಥಾಯಿ ವಿದ್ಯುತ್ ತಾತ, ಹೆದರಬೇಡ, ಗಾಳಿ ಒಣಗಿರಬೇಕು, ಕೂದಲಿನಲ್ಲಿ ಎಣ್ಣೆ ಇರಬಾರದು, ಪ್ಲಾಸ್ಟಿಕ್ಕೋ ಉಣ್ಣೆಯೋ ಉಜ್ಜಬೇಕು ಎಂದು ಬಿಡಿಸಿ ಹೇಳಿದಳು. ಅವಳು ಹೇಳಿದ್ದು ಸರಿ. ಅದನ್ನು ಕೇಳಿದ ಮೇಲೆಯೇ ನನಗೆ ಪೂರ್ತಿ ಅರ್ಥವಾದದ್ದು. ಅಕ್ಕನ ತಲೆಯಲ್ಲಿ ಎಣ್ಣೆ ಇರಲಿಲ್ಲ, ಯಾಕೆಂದರೆ ಅವ್ವ ಇರಲಿಲ್ಲ. ಮರದ ಹಣಿಗೆ ಹೋಗಿ ಪ್ಲಾಸ್ಟಿಕ್ ಬಾಚಣಿಗೆ ಬಂದದ್ದೂ ಅವ್ವ ಇಲ್ಲದ್ದಕ್ಕೆ. ಅವಳು ಇದ್ದಿದ್ದರೆ ಆ ಕೂದಲು ಏಳುತ್ತಲೇ ಇರಲಿಲ್ಲ. ಯಾವುದನ್ನು ನಾವು ಅವ್ವ ಬಂದಳು ಎಂದುಕೊಂಡೆವೋ ಅದು ಅವಳು ಇಲ್ಲದ್ದರಿಂದಲೇ ಹುಟ್ಟಿದ್ದು. ಮಳವಳ್ಳಿಯಲ್ಲಿರುವ ಅಕ್ಕನಿಗೆ ನಾನು ಇದನ್ನು ಹೇಳಿಲ್ಲ. ನೀವೂ ಹೇಳಬೇಡಿ.

ಬೆಲೂನಿನ ಆಟ ಮುಗಿದ ಮೇಲೆ ನಿಮ್ಮ ಅಮ್ಮ ಅಡುಗೆಮನೆಯಿಂದ ಬಂದು, "ಸಾಕು ಬನ್ರೋ" ಎಂದು, ಒದ್ದೆ ಕೈಯಿಂದ ನಿಮ್ಮ ತಲೆ ಸವರಿ ಕೂದಲು ಕೂರಿಸಿದಳು. ನಿಮ್ಮ ಲೋಕದಲ್ಲಿ ಕೂದಲೂ ಏಳುತ್ತದೆ, ಅಮ್ಮನೂ ಇರುತ್ತಾಳೆ. ನಮಗೆ ಎರಡೂ ಒಟ್ಟಿಗೆ ಸಿಗಲಿಲ್ಲ.