ಗಾರೆ ಒಣಗದ ಮನೆ

ನನ್ನ ಅಪ್ಪ ಕೊಳ್ಳೇಗಾಲದಲ್ಲಿ ಕಟ್ಟಡಗಳ ಇನ್ಸ್‌ಪೆಕ್ಟರ್ ಆಗಿದ್ದರು. ನಮ್ಮೂರು ಆಗ ಮದರಾಸಿಗೆ ಸೇರಿತ್ತು. ಆಫೀಸಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಮೇಸ್ತ್ರಿಗಳ ಹತ್ತಿರ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಮಗ್ಗದ ಮನೆಯಾಗಲಿ, ಹನೂರಿನ ಸ್ಕೂಲಾಗಲಿ, ಗೋಡೆ ಸೂರು ನೋಡಿ ಒಪ್ಪಿಗೆ ಕೊಡುವುದು ಅವರ ಕೆಲಸ. ಆ ಕೆಲಸವನ್ನು ಆಫೀಸಿನಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ. ಯಳಂದೂರಿನಲ್ಲಿ ಚಿಕ್ಕಮ್ಮನ ಮದುವೆ ಊಟಕ್ಕೆ ಕುಳಿತಾಗ, ಇನ್ನೇನು ಎಲೆಗೆ ಪಾಯಸ ಬೀಳಬೇಕು, ತಲೆಯೆತ್ತಿ ತೊಲೆ ನೋಡಿದವರೇ ನಮ್ಮನ್ನೆಲ್ಲ ಎಬ್ಬಿಸಿಬಿಟ್ಟರು. "ಏಳಿ ಏಳಿ, ಆ ಕಡೆ ಪಂಕ್ತಿಗೆ ಹೋಗಿ." ಬೀಗರು ಮುಖ ಊದಿಸಿಕೊಂಡರು. ಅವ್ವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತೊಲೆ ಮಾತ್ರ ಗಟ್ಟಿಮುಟ್ಟಾಗಿ ನಿಂತಿತ್ತು.

ಬಂಡಳ್ಳಿಯಲ್ಲಿದ್ದ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ, ನನ್ನನ್ನು ಕಂಡಾಗಲೆಲ್ಲ ರೇಗಿಸುತ್ತಿದ್ದರು: "ನಿಮ್ಮಪ್ಪ ಗುಡಿಗ್ ವೋದ್ರೂ ದ್ಯಾವ್ರ ನೋಡಕಿಲ್ಲ ಕಣವ್ವ, ಗ್ವಾಡೆ ನೋಡ್ತನೆ."

ಇಂಥ ಮನುಷ್ಯ ತನಗೊಂದು ಮನೆ ಕಟ್ಟಲು ಹೊರಟರೆ ಏನಾಗಬೇಕು? ಅಪ್ಪ, ಅವ್ವ, ಅಣ್ಣ, ನಾನು ಇದ್ದದ್ದು ಬಾಡಿಗೆ ಮನೆಯಲ್ಲಿ. ಊರಾಚೆ ಸಣ್ಣ ನಿವೇಶನದಲ್ಲಿ ಅಪ್ಪ ಕಟ್ಟಿಸಿದ ಮನೆ ಮುಗಿದು, ಬಾಗಿಲಿಗೆ ಬೀಗವೂ ಬಿದ್ದಿತ್ತು. ಆದರೆ ಗೃಹಪ್ರವೇಶ ಮಾಡಲು ಅವರಿಗೆ ಮನಸ್ಸು ಬರದು. ಅಡುಗೆಮನೆ ಗೋಡೆಗೆ ಕೆನ್ನೆ ಒತ್ತಿ ನೋಡಿ, "ಗಾರೆ ಇನ್ನೂ ಹಸಿ ಕಣೇ. ಮಕ್ಕಳಿಗೆ ಕೆಮ್ಮು ಹತ್ತಿಕೊಂಡರೆ?" ಅನ್ನುವರು.

"ಊರೋರ್ ಮನೆಗೆಲ್ಲ ಸೈನ್ ಆಕ್ತೀರಿ, ನನ್ ಮನೆಗ್ ಮಾತ್ರ ನಿಮ್ ಪೆನ್ನಲ್ಲಿ ಇಂಕಿಲ್ವಾ?" ಎಂದು ಅವ್ವ ಸಿಡುಕುವಳು. ಹೀಗೇ ಒಂದೊಂದಾಗಿ ಮುಹೂರ್ತಗಳು ದಾಟಿದವು.

ಆ ಮಳೆಗಾಲ ಹನೂರಿಗೆ ಕೆಲಸಕ್ಕೆಂದು ಹೋದವರು ತೊಯ್ದು ತೊಪ್ಪೆಯಾಗಿ ಬಂದರು. ಜ್ವರ ಹಿಡಿಯಿತು, ಬಿಡಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, "ಒಲೆ ಕಡೆ ಗೋಡೆ ಒಣಗಿದೆಯಾ, ನೋಡಿಕೊಂಡು ಬಾ ಮಗಳೇ" ಎಂದರು. ಓಡಿಹೋಗಿ ನೋಡಿ ಬಂದು, ಒಣಗಿದೆ ಅಂದೆ. ನಿಜವಾಗಿಯೂ ಒಣಗಿತ್ತು. "ಹಾಗಾದರೆ ಮುಹೂರ್ತ ಕೇಳಿಸಿ" ಎಂದವರು ಮಾರನೆಯ ದಿನ ಹೋಗಿಬಿಟ್ಟರು.

ದೇಹ ತಂದರೆ ಬಾಡಿಗೆ ಮನೆಯ ಯಜಮಾನ ಹೊಸ್ತಿಲಿಗೆ ಅಡ್ಡ ನಿಂತಿದ್ದ. "ನಾಳೆ ಬೇರೆಯವರು ಬಾಡಿಗೆಗೆ ಬರಬೇಕಲ್ಲಮ್ಮ, ತಪ್ಪು ತಿಳೀಬ್ಯಾಡಿ" ಎಂದ. ಆ ಮನೆಯ ಸೋರುವ ಸೂರನ್ನು ಅಪ್ಪನೇ ಮುಂದೆ ನಿಂತು ಸರಿಮಾಡಿಸಿದ್ದರು. ಅವನ ಬಾಯಿಗೆ ಮಣ್ಣು ಹಾಕ! ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಗಾಡಿಯನ್ನು ಹೊಸ ಮನೆಯ ಕಡೆ ತಿರುಗಿಸಿದೆವು. ದೊಡ್ಡಪ್ಪ ಕಣ್ಣೊರೆಸಿಕೊಂಡು, "ಅವ್ನೇ ಕಟ್ಟಿದ್ ಮನೆ ಕಣವ್ವ. ಒಂದ್ ಗಳ್ಗೆ ಒಳಕ್ಕೆ ತಕಂಡೋಗವ" ಅಂದರು.

ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಬ್ಯಾಡಿ ಬಾವ. ಹಾಲುಕ್ಕುಸ್ದೆ ಇರೋ ಮನೆಗೆ ಮೊದ್ಲು ಹೆಣ ವೋದ್ರೆ ಸಾವಿನ್ ಮನೆ ಅಂತ ಹೆಸ್ರು ಬೀಳ್ತದೆ. ನಾಳೆ ಈ ಹೆಣ್ಣುಡ್ಗೀನ ಕೇಳ್ಕಂಡು ಯಾರ್ ಬಂದಾರು? ಮಕ್ಳಿಗೆ ಅಂತ ಕಟ್ಟುದ್ರಲ್ಲ ಅವ್ರು!"

"ನನಗೆ ಮದುವೆಯೇ ಬೇಡ, ಬೀಗ ತೆಗಿ!" ಎಂದು ಕಿರುಚಿದೆ. ಅವ್ವ ತೆಗೆಯಲಿಲ್ಲ. ಅಂಗಳದಲ್ಲಿ, ಉಳಿದ ಮರಳಿನ ಗುಡ್ಡೆಯ ಪಕ್ಕ ಅಪ್ಪನನ್ನು ಮಲಗಿಸಿದೆವು. ತುಂತುರು ಬೀಳುತ್ತಿತ್ತು. ಯಾರೋ ಒಂದು ಕೊಡೆ ಹಿಡಿದರು. ಸಂಜೆಗೆ ಬಂಡಳ್ಳಿಯ ಹೊಲದಲ್ಲಿ ಮಣ್ಣು ಮಾಡಿದೆವು. ಅವ್ವನ ಮಾತು ಲೋಕ ಕಂಡ ಮಾತು, ಗೊತ್ತು. ಆದರೂ ನನ್ನ ಸಲುವಾಗಿ ಅಪ್ಪ ಆಚೆ ನೆನೆದರಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ವರ್ಷ ಕಳೆದ ಮೇಲೆ ಗೃಹಪ್ರವೇಶವಾಯಿತು. ಹೊಸದಾಗಿ ಮದುವೆಯಾಗಿದ್ದ ಅಣ್ಣ, ಅತ್ತಿಗೆ ಪೂಜೆಗೆ ಕುಳಿತರು. ಗಂಡ ಸತ್ತವಳು ಎದುರಿಗಿರಬಾರದೆಂದು ಅವ್ವ ತಾನೇ ಅಂಗಳದಲ್ಲಿ ಉಳಿದಳು. ಹಾಲು ಉಕ್ಕಿತು, ಊಟವಾಯಿತು, ಬಂದವರು ಎಲೆ ಅಡಿಕೆ ಹಾಕಿಕೊಂಡು ಹೊರಟೂಬಿಟ್ಟರು. ಅವ್ವ ಅಲ್ಲೇ ನಿಂತಿದ್ದಳು.

"ಶಾಸ್ತ್ರ ಎಲ್ಲ ಮುಗೀತು, ಬಾರವ್ವ" ಎಂದೆ.

"ಅವ್ರುನ್ನ ಒಳಕ್ಕೆ ಬಿಡ್ದೋಳು ನಾನು. ಯಾವ್ ಮೊಕ ಇಟ್ಕಂಡ್ ಬರ್ಲಿ, ಹೇಳು?"

ನನಗೆ ಅಳುವೂ ಬಂತು, ರೋಸಿಯೂ ಹೋಯಿತು. ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ. ಹೊಸ್ತಿಲು ದಾಟುವಾಗ ಅವ್ವ ಬಲಗಾಲು ಮುಂದಿಟ್ಟಳೋ ಎಡಗಾಲೋ, ಯಾರೂ ನೋಡಲಿಲ್ಲ.