ಗುಡ್ಡ ಹತ್ತಿದ ಮರಿಗಳು

ಮಳೆ ದೇಶವನ್ನೆಲ್ಲ ಒಂದುಗೂಡಿಸುತ್ತದೆ ಎಂದು ಪ್ರತಿ ವರ್ಷ ಜೂನ್‌ನಲ್ಲಿ ಬರೆಯುವವರು ಒಮ್ಮೆ ನಮ್ಮೂರು ಧುಪದಾಳಕ್ಕೆ ಬರಲಿ. ನಮ್ಮ ಲಗಮವ್ವನ ಮುಂದೆ ನಿಂತು ಆ ಮಾತು ಹೇಳಲಿ. ಅವಳು ಬೈದು ಬೆವರಿಳಿಸಿ ಕಳಿಸುತ್ತಾಳೆ.

ಗಂಡ ಸತ್ತ ಮೇಲೆ ಕುರಿಹಿಂಡನ್ನು ಒಬ್ಬಳೇ ಕಾಯ್ದುಕೊಂಡು ಬಂದ ಹೆಂಗಸು ಅವಳು. ಬೇಸಿಗೆಯಲ್ಲಿ ಅವಳಿಗೆ ಎಲ್ಲಿಲ್ಲದ ಮರ್ಯಾದೆ. ಜೂನ್ ಮೊದಲಿಗೆ ಬೀಳುವ ಮಿರಗದ ಮಳೆಗೆ ಮುಂಚೆ ಹೊಲದಲ್ಲಿ ರಾತ್ರಿ ಕುರಿ ತರುಬಿಸಿದರೆ, ಅವು ಅಲ್ಲೇ ಮಲಗಿ ಹಾಕುವ ಗೊಬ್ಬರಕ್ಕೆ ಅರಿಶಿಣದ ಬೆಳೆ ಸೊಗಸಾಗಿ ಬರುತ್ತದೆ. ನನ್ನ ಬಾಜೂ ಹೊಲದ ರಾಚಪ್ಪನಂತೂ ಅವಳನ್ನು ಮನೆಗೆ ಕರೆದು ಚಹಾ ಕುಡಿಸುತ್ತಿದ್ದ. ಮಳೆ ಹಿಡಿಯಿತೋ, ಅದೇ ಕುರಿಗಳು ಅವನಿಗೆ ನಾರುತ್ತವೆ.

ಹೋದ ಮಳೆಗಾಲದಲ್ಲಿ ಘಟಪ್ರಭೆ ದಂಡೆಯ ಹೊಲಗಳಿಗೆ ನುಗ್ಗಿತು. ಕುರಿಗಳಿಗೆ ಉಳಿದ ಒಣ ನೆಲವೆಂದರೆ ರಾಚಪ್ಪನ ಕಲ್ಲುಗುಡ್ಡ ಒಂದೇ. ಅವನು ಅದರ ದಾರಿಗೆ ಜಾಲಿಮುಳ್ಳು ಹಚ್ಚಿ, ಛತ್ರಿ ಹಿಡಿದು ಕಾವಲು ನಿಂತ.

“ಬರೇ ಮರಿ ಅಷ್ಟ ಒಳಗ ಬಿಡ್ರಿ, ಸಾವಕಾರ್ರ,” ಎಂದಳು ಲಗಮವ್ವ.

“ನಿನ್ನ ಹಿಂಡು ಹೊಕ್ಕರ ನನ್ನ ದನಕ್ಕ ಹುಲ್ಲು ಉಳಿತೈತೇನು? ನಡಿ ನಡಿ.”

ಕೆಸರಿನಲ್ಲೇ ನಿಂತು ಮರಿಗಳ ಗೊರಸು ಕೊಳೆಯಿತು. ಒಂದೊಂದಾಗಿ ಸತ್ತವು. ಹೂಳಲು ಕೂಡ ಅವಳಿಗೆ ಒಣ ನೆಲ ಸಿಗಲಿಲ್ಲ. ಅಂದು ರಾಚಪ್ಪನ ಮೇಲೆ ಹುಟ್ಟಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈ ಬೇಸಿಗೆಯಲ್ಲಿ ಕುರಿಗಳು ನನ್ನ ಹೊಲದಲ್ಲಿ ಕೂತವು, ಆಚೆಯ ಮಹಾಂತೇಶನ ಹೊಲದಲ್ಲೂ ಕೂತವು. ನಡುವೆ ಇರುವ ರಾಚಪ್ಪನ ಹೊಲದ ಬದುವಿಗೂ ಲಗಮವ್ವ ಹಿಂಡನ್ನು ಹಾಯಿಸಲಿಲ್ಲ. ಪಡುವಲಲ್ಲಿ ಮೋಡ ಕಟ್ಟತೊಡಗಿದಾಗ ಅವನೇ ಅವಳನ್ನು ಹುಡುಕಿಕೊಂಡು ಬಂದ.

“ಮುಳ್ಳು ಕಿತ್ತ ಒಗದೇನಿ. ಇನ್ನರ ಕುರಿ ತರುಬು.”

“ಮುಳ್ಳು ಮತ್ತ ಹಚ್ಚಾಕ ಎಷ್ಟೊತ್ತು ಬೇಕ್ರಿ? ಮಳಿ ಹಿಡಿದ ದಿನ ನನ್ನ ಮರಿ ನೀವ ಎತ್ತಕೊಂಡು ಗುಡ್ಡ ಹತ್ತಬೇಕು. ಊರ ಮುಂದ ಒಪ್ಪಕೊಳ್ರಿ, ತರುಬ್ತೇನಿ.”

ರಾಚಪ್ಪನ ಮುಖ ಕಪ್ಪಿಟ್ಟಿತು. ಆದರೆ ಅರಿಶಿಣದ ಆಸೆ ಆ ಅವಮಾನಕ್ಕಿಂತ ದೊಡ್ಡದಿತ್ತು. ಚಾವಡಿಯಲ್ಲಿ ಎಲ್ಲರೆದುರು ಹೂಂ ಎಂದ. ಅಂದು ರಾತ್ರಿಯಿಂದ ಕುರಿಗಳು ಅವನ ಹೊಲದಲ್ಲೂ ಕೂತವು.

ಮಳೆ ಹಿಡಿದು ನದಿ ಏರಿತು. ಇಸ್ತ್ರಿ ಅಂಗಿ ತೊಟ್ಟ ರಾಚಪ್ಪ ಎರಡೂ ಕಂಕುಳಲ್ಲಿ ಒಂದೊಂದು ಮರಿ ಅವುಚಿಕೊಂಡು ಗುಡ್ಡ ಹತ್ತುವುದನ್ನು ಊರೆಲ್ಲ ನಿಂತು ನೋಡಿತು. ನಾನು ಹೊಟ್ಟೆ ತುಂಬ ನಕ್ಕೆ. ಲಗಮವ್ವ ನಗಲಿಲ್ಲ. ಹಿಂಡು ಹೊಡೆದುಕೊಂಡು ಅವನ ಬೆನ್ನಿಗೇ ಹತ್ತುತ್ತಿದ್ದಳು.

“ಭಾರ ಏನಿಲ್ಲಲ್ರಿ, ಸಾವಕಾರ್ರ?” ಎಂದಳು. “ಹೋದ ವರ್ಸದ ಮರಿಗೋಳೂ ಇಷ್ಟ ಹಗುರ ಇದ್ದುವು.”